ಚರ್ಚಿನ ಬಾಗಿಲಿಗೆ ಅಂಟಿಸಿದ ಚೀಟಿ: ಟೈನ್‌ಹಮ್ ಊರಿನ ಕಥೆ

ಪಂಚಾಯಿತಿ ಗೋಡೆಗೆ, ತಾಲ್ಲೂಕು ಕಚೇರಿಯ ಫಲಕಕ್ಕೆ ಅಂಟಿಸಿದ ನೋಟಿಸುಗಳನ್ನು ಓದುವುದು ನನ್ನ ಕೆಲಸದ ಒಂದು ಭಾಗ. ಸರ್ಕಾರ ಜನರಿಗೆ ಬರೆದ ನೋಟಿಸುಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಊರು ಬಿಟ್ಟು ಹೋಗುವ ಜನರೇ ಬರುವವರಿಗಾಗಿ ಬರೆದಿಟ್ಟ ಚೀಟಿ ಮಾತ್ರ ಅಪರೂಪ. ಅಂಥದ್ದೊಂದು ಚೀಟಿ 1943ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಕೌಂಟಿಯ ಟೈನ್‌ಹಮ್ ಎಂಬ ಹಳ್ಳಿಯಲ್ಲಿತ್ತು. ಸೇಂಟ್ ಮೇರಿ ಚರ್ಚಿನ ಬಾಗಿಲಿಗೆ ಅದನ್ನು ಅಂಟಿಸಿದ್ದರು. ಅದರ ಸಾರ ಇಷ್ಟು: ಯುದ್ಧ ಗೆಲ್ಲಲೆಂದು ತಲೆತಲಾಂತರದ ಮನೆಗಳನ್ನು ಬಿಟ್ಟುಕೊಟ್ಟಿದ್ದೇವೆ, ಚರ್ಚನ್ನೂ ಮನೆಗಳನ್ನೂ ಜೋಪಾನವಾಗಿ ನೋಡಿಕೊಳ್ಳಿ, ಒಂದು ದಿನ ನಾವು ಹಿಂದಿರುಗಿ ಬರುತ್ತೇವೆ.

ಅವರು ಹಿಂದಿರುಗಲಿಲ್ಲ. ಯಾಕೆ ಎಂಬುದೇ ಈ ಊರಿನ ಇತಿಹಾಸ.

ಟೈನ್‌ಹಮ್ ಹೊಸ ಊರೇನಲ್ಲ. ದೊರೆ ವಿಲಿಯಂ 1086ರಲ್ಲಿ ಮಾಡಿಸಿದ ಡೂಮ್ಸ್‌ಡೇ ಎಂಬ ಜಮೀನು ಲೆಕ್ಕದಲ್ಲೇ ಅದರ ಹೆಸರಿದೆ. ಇಂಗ್ಲೆಂಡಿನ ಹಳ್ಳಿ ಅಂದರೆ ಬರೀ ಮನೆಗಳ ಗುಂಪಲ್ಲ, ಅದೊಂದು ಪ್ಯಾರಿಷ್. ಒಂದು ಚರ್ಚಿನ ವ್ಯಾಪ್ತಿಗೆ ಬರುವ ಪ್ರದೇಶಕ್ಕೆ ಆ ಹೆಸರು. 1538ರಿಂದ ಪ್ರತಿ ಪ್ಯಾರಿಷ್ ತನ್ನ ಜನರ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕೆಂಬ ಕಟ್ಟಳೆ ಬಂತು. 1601ರ ಕಾನೂನಿನ ಪ್ರಕಾರ ಬಡವರನ್ನು ಸಾಕುವ ಹೊಣೆಯೂ ಪ್ಯಾರಿಷ್ಷಿನದೇ. ಹುಟ್ಟಿದ ಲೆಕ್ಕ, ಸತ್ತ ಲೆಕ್ಕ, ಹಸಿದವರ ಲೆಕ್ಕ ಎಲ್ಲವೂ ಚರ್ಚಿನಲ್ಲೇ ಇರುತ್ತಿತ್ತು. ಹಾಗಾಗಿ ಆ ಚೀಟಿ ಅಂಟಿಸಲು ಚರ್ಚಿನ ಬಾಗಿಲಿಗಿಂತ ತಕ್ಕ ಜಾಗ ಇನ್ನೊಂದಿರಲಿಲ್ಲ.

ಆದರೆ ಜಮೀನಿನ ಲೆಕ್ಕ ಬೇರೆ ಕಡೆ ಇತ್ತು. 1683ರಲ್ಲಿ ಬಾಂಡ್ ಮನೆತನ ಟೈನ್‌ಹಮ್ ಎಸ್ಟೇಟನ್ನು ಕೊಂಡಿತು. ಅಲ್ಲಿಂದ ಮುಂದೆ ಹೊಲ, ಮನೆ ಬಹುಪಾಲು ಅವರವೇ. ಊರಿನವರು ಹೊಲಗಳಲ್ಲಿ ದುಡಿದರು, ಹತ್ತಿರದ ವರ್‌ಬ್ಯಾರೋ ಕೊಲ್ಲಿಯಲ್ಲಿ ಮೀನು ಹಿಡಿದರು, ಬಾಡಿಗೆ ಮನೆಗಳಲ್ಲಿ ಬಾಳಿದರು. ಎಷ್ಟು ತಲೆಮಾರು ಕಳೆದರೂ ಮನೆ ಅವರ ಹೆಸರಿಗೆ ಬರಲಿಲ್ಲ.

ಸೈನ್ಯ ಬರುವ ಮೊದಲು ಆ ಊರು ಸ್ವರ್ಗವಾಗಿತ್ತು ಅನ್ನುವುದೂ ತಪ್ಪಾಗುತ್ತದೆ. ಜನ ಕೆಲಸ ಹುಡುಕಿಕೊಂಡು ಹೊರಗೆ ಹೋಗುತ್ತಿದ್ದರು. ಮಕ್ಕಳ ಸಂಖ್ಯೆ ಕಡಿಮೆಯಾಗಿ 1932ರಲ್ಲಿ ಶಾಲೆಯೂ ಮುಚ್ಚಿತು. ಊರು ಬಡಕಲಾಗುತ್ತಿತ್ತು, ನಿಜ. ಆದರೂ ಜೀವ ಇತ್ತು.

ಪಕ್ಕದ ಲಲ್ವರ್ತ್‌ನಲ್ಲಿ ಮೊದಲನೇ ಮಹಾಯುದ್ಧದ ಕಾಲದಿಂದಲೇ ಟ್ಯಾಂಕ್ ಗುಂಡು ಹಾರಿಸುವ ತರಬೇತಿ ನಡೆಯುತ್ತಿತ್ತು. 1943ರಲ್ಲಿ ಫ್ರಾನ್ಸಿನ ಮೇಲೆ ದಾಳಿ ನಡೆಸುವ ತಯಾರಿಗೆ ಇನ್ನಷ್ಟು ಜಾಗ ಬೇಕಾಯಿತು. ನವೆಂಬರ್ ಮಧ್ಯದಲ್ಲಿ ಮನೆ ಮನೆಗೆ ಪತ್ರ ಬಂತು. ಡಿಸೆಂಬರ್ 19ರೊಳಗೆ, ಅಂದರೆ ಕ್ರಿಸ್‌ಮಸ್‌ಗೆ ಆರು ದಿನ ಇರುವಾಗ, ಮನೆ ಖಾಲಿ ಮಾಡಬೇಕಿತ್ತು. ಸುಮಾರು 7,500 ಎಕರೆ ಪ್ರದೇಶ ಸೈನ್ಯದ ವಶವಾಯಿತು, ಸುಮಾರು 225 ಜನ ಊರು ಬಿಟ್ಟರು. ಬಾಡಿಗೆದಾರರಿಗೆ ಸಿಕ್ಕ ಪರಿಹಾರ ಹಿತ್ತಲಿನಲ್ಲಿ ಬೆಳೆದ ತರಕಾರಿಗೆ ಮಾತ್ರ. ಮನೆ ಅವರದಲ್ಲವಲ್ಲ!

ಯಾರೂ ತಕರಾರು ತೆಗೆಯಲಿಲ್ಲ. ಯುದ್ಧ ಮುಗಿದ ಮೇಲೆ ಮನೆಗೆ ಮರಳುತ್ತೇವೆ ಎಂದೇ ಅವರು ನಂಬಿದ್ದರು. 1945ರಲ್ಲಿ ಯುದ್ಧ ಮುಗಿಯಿತು, ಸೈನ್ಯ ಮಾತ್ರ ಜಾಗ ಬಿಡಲಿಲ್ಲ. ಸೋವಿಯತ್ ಒಕ್ಕೂಟದೊಂದಿಗೆ ಶೀತಲ ಸಮರ ಶುರುವಾಗಿತ್ತು, ಟ್ಯಾಂಕ್ ತರಬೇತಿ ಮುಂದುವರಿಯಬೇಕು ಎಂದು ಸರ್ಕಾರ ವಾದಿಸಿತು. 1948ರಲ್ಲಿ ವಿಚಾರಣೆಯೂ ನಡೆಯಿತು. ಕೊನೆಗೆ ಜಾಗ ಕಡ್ಡಾಯ ಸ್ವಾಧೀನಕ್ಕೆ ಹೋಯಿತು. ತಾತ್ಕಾಲಿಕ ಅಂದುಕೊಂಡದ್ದು ಶಾಶ್ವತವಾಯಿತು.

ಇದೇ ಕೌಂಟಿಯ ಉತ್ತರಕ್ಕೆ ಕ್ರಿಚೆಲ್ ಡೌನ್ ಎಂಬ ಜಾಗವಿದೆ. ಅಲ್ಲಿ 1938ರಲ್ಲಿ ವಾಯುಪಡೆಯ ಬಾಂಬ್ ತಾಲೀಮಿಗೆಂದು 725 ಎಕರೆ ಸ್ವಾಧೀನವಾಗಿತ್ತು. ಯುದ್ಧ ಮುಗಿದ ಮೇಲೆ ಅದನ್ನು ಹಳೆಯ ಮಾಲೀಕರ ಕುಟುಂಬಕ್ಕೆ ಕೊಡದೆ ಕೃಷಿ ಸಚಿವಾಲಯ ಇಟ್ಟುಕೊಂಡಿತು. ಆ ಕುಟುಂಬಕ್ಕೆ ಹಣವಿತ್ತು, ಅಧಿಕಾರದಲ್ಲಿದ್ದವರ ಪರಿಚಯವಿತ್ತು. ಹೋರಾಡಿತು, ತನಿಖೆ ಮಾಡಿಸಿತು. 1954ರ ಜುಲೈನಲ್ಲಿ ಕೃಷಿ ಸಚಿವ ಥಾಮಸ್ ಡಗ್‌ಡೇಲ್ ರಾಜೀನಾಮೆ ಕೊಟ್ಟರು. ಬೇಡವಾದ ಜಮೀನನ್ನು ಹಳೆಯ ಮಾಲೀಕರಿಗೇ ಮೊದಲು ಕೊಡಬೇಕೆಂಬ ನಿಯಮ ಅಲ್ಲಿಂದ ಬೆಳೆಯಿತು.

ಎರಡೂ ಪ್ರಕರಣ ಒಂದೇ ಅಲ್ಲ, ಒಪ್ಪುತ್ತೇನೆ. ಕ್ರಿಚೆಲ್ ಡೌನ್ ವಾಯುಪಡೆಗೆ ಬೇಡವಾಗಿತ್ತು, ಟೈನ್‌ಹಮ್ ಸೈನ್ಯಕ್ಕೆ ಬೇಕಾಗಿತ್ತು. ಟೈನ್‌ಹಮ್‌ನಲ್ಲಿ ಬಾಂಡ್ ಮನೆತನವೂ ಜಮೀನು ಕಳೆದುಕೊಂಡಿತು. ಆದರೆ ಆ ನಿಯಮವನ್ನು ಸರಿಯಾಗಿ ಓದಿ. ಜಮೀನು ಹಿಂದಕ್ಕೆ ಬರುವುದು ಅಗತ್ಯ ಮುಗಿದ ಮೇಲೆ, ಅದೂ ಹಳೆಯ ಮಾಲೀಕರಿಗೆ. ಅಗತ್ಯ ಮುಗಿಯಿತೋ ಇಲ್ಲವೋ ಎಂದು ತೀರ್ಮಾನಿಸುವುದು ಜಾಗ ಹಿಡಿದವರೇ. ಬಾಡಿಗೆ ಮನೆಯಲ್ಲಿ ತಲೆತಲಾಂತರದಿಂದ ಬಾಳಿದ ಮೀನುಗಾರನ ಹೆಸರು ಚರ್ಚಿನ ಪುಸ್ತಕದಲ್ಲಿತ್ತು, ಜಮೀನಿನ ಕಾಗದದಲ್ಲಿರಲಿಲ್ಲ.

1968ರಲ್ಲಿ ರಾಡ್ನಿ ಲೆಗ್ ಎಂಬುವರು ಟೈನ್‌ಹಮ್‌ಗಾಗಿ ಕ್ರಿಯಾ ಸಮಿತಿ ಕಟ್ಟಿದರು. 1973ರಲ್ಲಿ ಸರ್ಕಾರವೇ ನೇಮಿಸಿದ್ದ ಸಮಿತಿ ಲಲ್ವರ್ತ್ ತರಬೇತಿ ಪ್ರದೇಶವನ್ನು ಬಿಟ್ಟುಕೊಡುವಂತೆ ಶಿಫಾರಸು ಮಾಡಿತು. ಮರುವರ್ಷ ಸರ್ಕಾರ ಅದನ್ನು ತಳ್ಳಿಹಾಕಿತು. ಹೋರಾಟದಿಂದ ದಕ್ಕಿದ್ದು ನಡೆದಾಡುವ ದಾರಿ. 1975ರಿಂದ ಗುಂಡು ಹಾರಿಸದ ದಿನಗಳಲ್ಲಿ ಜನರಿಗೆ ಒಳಗೆ ಬಿಡುತ್ತಾರೆ, ಬಹುತೇಕ ವಾರಾಂತ್ಯಗಳಲ್ಲಿ ಊರು ನೋಡಬಹುದು. ಅಷ್ಟರಲ್ಲಿ ಬಾಂಡರ ಹಳೆಯ ಬಂಗಲೆಯ ಬಹುಭಾಗವನ್ನು ಕೆಡವಿಯಾಗಿತ್ತು.

ಈಗ ಅಲ್ಲಿ ಮನೆಗಳಿಗೆ ಸೂರಿಲ್ಲ, ಗೋಡೆ ಮಾತ್ರ ನಿಂತಿದೆ. ಚರ್ಚು, ಶಾಲೆ ಎರಡನ್ನೂ ಪ್ರದರ್ಶನಕ್ಕೆ ಉಳಿಸಿದ್ದಾರೆ. ಶಾಲೆಯಲ್ಲಿ ಮಕ್ಕಳು ಕೋಟು ನೇತುಹಾಕುತ್ತಿದ್ದ ಗೂಟಗಳ ಮೇಲೆ ಅವರ ಹೆಸರುಗಳಿವೆ. ರಾಸಾಯನಿಕ ಬೇಸಾಯ, ಹೊಸ ಕಟ್ಟಡ ಎರಡೂ ಬರದ ಕಾರಣ ಸುತ್ತಲಿನ ಹುಲ್ಲುಗಾವಲಿನಲ್ಲಿ ಬೇರೆಡೆ ಕಾಣದ ಗಿಡ, ಹುಳುಗಳು ಉಳಿದಿವೆ. ಸೈನ್ಯ ಇದ್ದದ್ದಕ್ಕೇ ಇಷ್ಟಾದರೂ ಉಳಿಯಿತು ಅನ್ನುವವರಿದ್ದಾರೆ. ಆ ಮಾತಿನಲ್ಲೂ ಸತ್ಯವಿದೆ.

ಆದರೆ ಚೀಟಿ ಬರೆದವರು ಕೇಳಿದ್ದು ಹುಲ್ಲುಗಾವಲನ್ನಲ್ಲ. ಚರ್ಚನ್ನು, ಮನೆಗಳನ್ನು ನೋಡಿಕೊಳ್ಳಿ ಎಂದಿದ್ದರು. ಚರ್ಚು ಉಳಿಯಿತು, ಮನೆಗಳು ಉಳಿಯಲಿಲ್ಲ. ಮುಂದಿನ ಸಲ ಯಾವುದಾದರೂ ನೋಟಿಸಿನಲ್ಲಿ ‘ತಾತ್ಕಾಲಿಕ’ ಎಂಬ ಪದ ಕಂಡರೆ, ಎಷ್ಟು ದಿನ ಎಂದು ಕೇಳುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು ಅನ್ನಿಸುತ್ತದೆ: ಅವಧಿ ಮುಗಿಯಿತು ಎಂದು ಹೇಳುವವರು ಯಾರು?