ಫಲಿತಾಂಶಕ್ಕೆ ತಕ್ಕ ಧನಸಹಾಯ

ಪ್ರಾಥಮಿಕ ಶಾಲೆಯ ಮಕ್ಕಳ ಓದು, ಲೆಕ್ಕಗಳನ್ನು ಏಕರೂಪದ ಪರೀಕ್ಷೆಯಿಂದ ಅಳೆಯುವ ಪದ್ಧತಿ ಹೊಸದೆಂದು ಭಾವಿಸುವವರುಂಟು. ಇಂಗ್ಲೆಂಡಿನ 1862ರ ಪರಿಷ್ಕೃತ ಸಂಹಿತೆಯನ್ನು ನೋಡಿದರೆ ಈ ಭಾವನೆ ನಿಲ್ಲದು. ರಾಬರ್ಟ್ ಲೋ ರೂಪಿಸಿದ ಆ ನಿಯಮಾವಳಿಯಂತೆ, ಸಾಕಷ್ಟು ದಿನ ಹಾಜರಾದ, ಆರು ವರ್ಷ ಮೀರಿದ ಪ್ರತಿ ಮಗುವಿನ ಪರವಾಗಿ ಶಾಲೆಗೆ 8 ಷಿಲಿಂಗ್ ಸಲ್ಲುತ್ತಿತ್ತು. ಓದು, ಬರಹ, ಗಣಿತಗಳಲ್ಲಿ ಒಂದೊಂದರ ಸೋಲಿಗೂ 2 ಷಿಲಿಂಗ್ 8 ಪೆನ್ಸ್ ಕಡಿತವಾಗುತ್ತಿತ್ತು. ದರ್ಜೆಗಳು ಆರು. ಮೊದಲನೆಯದಕ್ಕೆ 20ರವರೆಗಿನ ಅಂಕಿಗಳನ್ನು ಗುರುತಿಸಿ ಬರೆಯುವುದು, 10ರವರೆಗೆ ಬಾಯಿಲೆಕ್ಕ; ಆರನೆಯದಕ್ಕೆ ವೃತ್ತಪತ್ರಿಕೆಯ ಒಂದು ಸಾಮಾನ್ಯ ಭಾಗದ ವಾಚನ.

ಖರ್ಚು ಇಳಿಯಿತೆಂಬುದು ನಿಜ. 1861ರಲ್ಲಿ 8 ಲಕ್ಷ ಪೌಂಡುಗಳನ್ನು ಮೀರಿದ್ದ ಸರಕಾರದ ಸಹಾಯ 1865ರಲ್ಲಿ ಆರೂವರೆ ಲಕ್ಷಕ್ಕೂ ಕೆಳಗಿಳಿಯಿತು. ಆದರೆ ಮಗುವಿನ ನಾಲಗೆಗೆ ಬೆಲೆ ಕಟ್ಟಿದ ಮೇಲೆ ಉಪಾಧ್ಯಾಯನು ಬೇರೇನು ಮಾಡಿಯಾನು? ಪರೀಕ್ಷೆಗೆ ಗೊತ್ತಾದ ಪುಸ್ತಕವನ್ನೇ ಉರು ಹೊಡೆಸಿದನು. ಕವಿಯೂ ಶಾಲಾ ತನಿಖಾಧಿಕಾರಿಯೂ ಆಗಿದ್ದ ಮ್ಯಾಥ್ಯೂ ಅರ್ನಾಲ್ಡ್, ಮಕ್ಕಳು ನಿಜವಾಗಿ ಓದಲು, ಲೆಕ್ಕ ಮಾಡಲು ಕಲಿಯದೆಯೇ ತೇರ್ಗಡೆಯಾಗಬಲ್ಲರೆಂದು ತನ್ನ ವರದಿಗಳಲ್ಲಿ ಎಚ್ಚರಿಸಿದನು. ಆದುದರಿಂದ ಅಂದಿನ ತೇರ್ಗಡೆಯ ಪಟ್ಟಿಗಳನ್ನು ಸಾಕ್ಷರತೆಯ ಪ್ರಮಾಣವೆಂದು ನಾವು ಒಪ್ಪಲಾರೆವು. ಅವು ಹಣಕಾಸಿನ ದಾಖಲೆಗಳು. ಚರಿತ್ರೆ, ಭೂಗೋಳಗಳಿಗೆ ಹಣವಿರಲಿಲ್ಲ, ಅವು ಹಿಂದೆ ಸರಿದವು. (ನಮ್ಮ ವಿಷಯಕ್ಕೆ ಈ ಗತಿ ಆಗಲೇ ಒದಗಿತ್ತು!) 1867ರ ತಿದ್ದುಪಡಿ ಅವಕ್ಕೆ ಅಲ್ಪ ಆಸರೆಯಿತ್ತಿತು.

ದಕ್ಷಿಣ ಕನ್ನಡ, ಬಳ್ಳಾರಿಗಳು ಸೇರಿದ್ದ ಮದರಾಸು ಪ್ರಾಂತದಲ್ಲಿಯೂ ಈ ಕ್ರಮ ನಡೆಯಿತು. 1882ರ ಹಂಟರ್ ಆಯೋಗವು ದೇಶೀಯ ಪ್ರಾಥಮಿಕ ಶಾಲೆಗಳಿಗೆ ಇದನ್ನೇ ಶಿಫಾರಸು ಮಾಡಿತು. ಇಂಗ್ಲೆಂಡು 1890ರ ದಶಕದಲ್ಲಿ ಕೈಬಿಟ್ಟ ಈ ಪದ್ಧತಿಯನ್ನು ಭಾರತ ಸರಕಾರ ಖಂಡಿಸಿದ್ದು 1904ರ ಶಿಕ್ಷಣ ನಿರ್ಣಯದಲ್ಲಿ.