ಓಮದಿಂದ ಆಲ್ಬೆಂಡಜೋಲ್‌ವರೆಗೆ: ಕೊಕ್ಕೆಹುಳುವಿನ ಔಷಧ ಚೀಟಿಯ ಕಥೆ

ನೀವು ಶಾಲಾ ಶಿಕ್ಷಕರಾಗಿದ್ದರೆ ಈ ದೃಶ್ಯ ನಿಮಗೆ ಹೊಸದಲ್ಲ. ಫೆಬ್ರವರಿ ಅಥವಾ ಆಗಸ್ಟ್ ತಿಂಗಳಿನಲ್ಲಿ ಬರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಕ್ಕಳನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರಿಗೂ 400 ಮಿಲಿಗ್ರಾಂನ ಒಂದು ಆಲ್ಬೆಂಡಜೋಲ್ ಮಾತ್ರೆ ಕೊಟ್ಟು, ನಿಮ್ಮ ಕಣ್ಣೆದುರೇ ಅಗಿದು ನುಂಗುವಂತೆ ನೋಡಿಕೊಳ್ಳುತ್ತೀರಿ. ಮಲಪರೀಕ್ಷೆ ಇಲ್ಲ, ವೈದ್ಯರ ಚೀಟಿಯೂ ಇಲ್ಲ. ಆಗ ತಂದೆಯೊಬ್ಬರು ಬಂದು, “ಮೇಷ್ಟ್ರೇ, ನನ್ನ ಮಗನಿಗೆ ಹುಳು ಇದೆ ಅಂತ ಯಾರು ನೋಡಿದರು? ಚೀಟಿ ಬರೆದ ಡಾಕ್ಟರು ಯಾರು?” ಎಂದು ಕೇಳಿದರೆ ಏನು ಹೇಳುತ್ತೀರಿ? ಆ ಪ್ರಶ್ನೆ ತೀರಾ ಸರಿಯಾದದ್ದು. ನೂರು ವರ್ಷಗಳ ಹಿಂದೆ ಇದೇ ಕಾಯಿಲೆಗೆ ಚೀಟಿ ಇಲ್ಲದೆ ಔಷಧ ಕೊಟ್ಟಿದ್ದರೆ ಅದು ಅಪರಾಧಕ್ಕೆ ಸಮನಾಗುತ್ತಿತ್ತು. ಅಂದಿನಿಂದ ಇಂದಿಗೆ ಬದಲಾದದ್ದೇನು?

ಕರುಳಿನಲ್ಲಿ ವಾಸಿಸುವ ಹುಳುಗಳು ಹಲವು. ಇಲ್ಲಿ ಕೊಕ್ಕೆಹುಳು ಒಂದನ್ನೇ ತೆಗೆದುಕೊಳ್ಳೋಣ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಈ ಹುಳು ಸಣ್ಣ ಕರುಳಿನ ಒಳಪದರಕ್ಕೆ ಕಚ್ಚಿಕೊಂಡು ರಕ್ತ ಹೀರುತ್ತದೆ. 1838ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಆಂಜೆಲೊ ದುಬಿನಿ ಎಂಬ ವೈದ್ಯರು ರೈತ ಮಹಿಳೆಯೊಬ್ಬಳ ಶವಪರೀಕ್ಷೆ ಮಾಡುವಾಗ ಇದನ್ನು ಮೊದಲು ಕಂಡರು. ಆದರೆ ಶವದಲ್ಲಿ ಮಾತ್ರ ಪತ್ತೆಯಾಗುವ ಕಾಯಿಲೆಗೆ ಚೀಟಿ ಬರೆಯುವುದು ಯಾರಿಗೆ? ಇದಕ್ಕೆ ಉತ್ತರ ಸಿಕ್ಕಲು ಇನ್ನೂ ನಲವತ್ತು ವರ್ಷ ಬೇಕಾಯಿತು. 1878ರಲ್ಲಿ, ಆಗಿನ್ನೂ ವಿದ್ಯಾರ್ಥಿಯಾಗಿದ್ದ ಬತ್ತಿಸ್ತಾ ಗ್ರಾಸ್ಸಿ ಮತ್ತು ಪರೋನಾ ಸಹೋದರರು ರೋಗಿಯ ಮಲದಲ್ಲಿ ಹುಳುವಿನ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಿಂದ ಗುರುತಿಸಬಹುದೆಂದು ತೋರಿಸಿದರು. ಬದುಕಿರುವ ವ್ಯಕ್ತಿಗೆ ಹುಳು ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳುವುದು ಅಂದಿನಿಂದ ಸಾಧ್ಯವಾಯಿತು.

ಈ ವಿಧಾನ ಸರಿಯಾದ ಹೊತ್ತಿಗೇ ಬಂದಿತ್ತು. ಆಲ್ಪ್ಸ್ ಪರ್ವತದಡಿ 15 ಕಿಲೋಮೀಟರ್ ಉದ್ದದ ಸೇಂಟ್ ಗೊಥಾರ್ಡ್ ರೈಲು ಸುರಂಗವನ್ನು 1872ರಿಂದ ಕೊರೆಯಲಾಗುತ್ತಿತ್ತು. ಕೆಲಸಗಾರರಲ್ಲಿ ಹೆಚ್ಚಿನವರು ಇಟಲಿಯವರು. ಅವರು ಬಿಳಿಚಿಕೊಂಡು, ಏದುಸಿರು ಬಿಡುತ್ತಾ ಕುಸಿಯತೊಡಗಿದರು. 1880ರಲ್ಲಿ ಟ್ಯೂರಿನ್ ನಗರದಲ್ಲಿ ಸತ್ತ ಒಬ್ಬ ಸುರಂಗ ಕೆಲಸಗಾರನ ಕರುಳಿನಲ್ಲಿ ಸಾವಿರಕ್ಕೂ ಹೆಚ್ಚು ಕೊಕ್ಕೆಹುಳುಗಳು ಸಿಕ್ಕವು. ಒಂದು ಹುಳು ದಿನಕ್ಕೆ 0.1 ಮಿಲಿಲೀಟರ್ ರಕ್ತ ಕಳೆಯುತ್ತದೆ ಎಂದಿಟ್ಟುಕೊಂಡರೂ ದಿನಕ್ಕೆ 100 ಮಿಲಿಲೀಟರ್! ಬೆಚ್ಚಗಿನ ನಾಡುಗಳ ಈ ಹುಳು ಹಿಮದ ಆಲ್ಪ್ಸ್‌ನಲ್ಲಿ ಬದುಕಿದ್ದು ಹೇಗೆ? ಇಲ್ಲಿ ಭೌತವಿಜ್ಞಾನ ಬರುತ್ತದೆ. ಭೂಮಿಯ ಆಳಕ್ಕೆ ಇಳಿದಂತೆ ಉಷ್ಣತೆ ಏರುತ್ತದೆ. ಸುರಂಗದ ನಡುಭಾಗದಲ್ಲಿ ಬಂಡೆಯ ಉಷ್ಣತೆ ಸುಮಾರು 30 ಡಿಗ್ರಿ ಸೆಲ್ಸಿಯಸ್ ಇತ್ತು. ಎಲ್ಲೆಡೆ ಜಿನುಗುವ ನೀರು, ಕೆಸರು. ಶೌಚಕ್ಕೆ ಬೇರೆ ವ್ಯವಸ್ಥೆ ಇರಲಿಲ್ಲ. ಹಿಮಪರ್ವತದ ಹೊಟ್ಟೆಯೊಳಗೆ ಮನುಷ್ಯರೇ ಒಂದು ಉಷ್ಣವಲಯವನ್ನು ನಿರ್ಮಿಸಿದ್ದರು.

ಇನ್ನು ಔಷಧ. ಟ್ಯೂರಿನ್‌ನ ವೈದ್ಯ ಕಮಿಲ್ಲೊ ಬೊಝ್ಝೊಲೊ ಬಳಕೆಗೆ ತಂದದ್ದು ಥೈಮಾಲ್ ಎಂಬ ಬಿಳಿಯ ಹರಳು. ಅದರ ವಾಸನೆ ನಿಮಗೆ ಚೆನ್ನಾಗಿ ಗೊತ್ತು, ಓಮದ ವಾಸನೆಯೇ ಅದು. ಓಮದ ಎಣ್ಣೆಯ ಮುಖ್ಯ ಘಟಕ ಥೈಮಾಲ್. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗುವವರೆಗೂ ಭಾರತದ ಓಮದ ಕಾಳು ಹಡಗೇರಿ ಜರ್ಮನಿಗೆ ಹೋಗಿ, ಅಲ್ಲಿ ಥೈಮಾಲ್ ಆಗಿ ಜಗತ್ತಿನ ಔಷಧದಂಗಡಿಗಳನ್ನು ಸೇರುತ್ತಿತ್ತು. ಹಾಗಾದರೆ ಹೊಟ್ಟೆನೋವಿಗೆ ಅಜ್ಜಿ ಕೊಡುತ್ತಿದ್ದ ಓಮದ ನೀರಿನಿಂದಲೇ ಕೊಕ್ಕೆಹುಳು ಸಾಯುತ್ತಿತ್ತೇ? ಲೆಕ್ಕ ಹಾಕಿ. ವಯಸ್ಕರಿಗೆ ಬೇಕಾದ ಥೈಮಾಲ್ ಸುಮಾರು 4 ಗ್ರಾಂ. ಓಮದ ಕಾಳಿನಲ್ಲಿ ಎಣ್ಣೆ ಶೇಕಡ 3ರಷ್ಟು, ಅದರಲ್ಲಿ ಅರ್ಧ ಥೈಮಾಲ್ ಎಂದುಕೊಂಡರೆ, ಒಂದೇ ಬೆಳಿಗ್ಗೆ ಕಾಲು ಕಿಲೋಗಿಂತ ಹೆಚ್ಚು ಓಮ ತಿನ್ನಬೇಕು!

ಈ 4 ಗ್ರಾಂ ಥೈಮಾಲ್ ಹುಳುವಿಗಷ್ಟೇ ಅಲ್ಲ, ಮನುಷ್ಯನಿಗೂ ವಿಷವೇ. ರಕ್ತಕ್ಕೆ ಸೇರಿದರೆ ತಲೆಸುತ್ತು, ಪ್ರಜ್ಞಾಹೀನತೆ, ಕೆಲವೊಮ್ಮೆ ಸಾವು. ಆದರೂ ಅದು ಔಷಧವಾದದ್ದು ಒಂದೇ ಕಾರಣಕ್ಕೆ: ಥೈಮಾಲ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಲೀಟರಿಗೆ ಸುಮಾರು ಒಂದು ಗ್ರಾಂ ಮಾತ್ರ. ಹೀಗಾಗಿ ನುಂಗಿದ ಪುಡಿಯ ಬಹುಭಾಗ ಕರಗದೆ ಕರುಳಿನಲ್ಲೇ ಉಳಿದು ಹುಳುವನ್ನು ತಾಗುತ್ತದೆ. ಆದರೆ ಕೊಬ್ಬಿನಲ್ಲೂ ಮದ್ಯಸಾರದಲ್ಲೂ ಅದು ಧಾರಾಳವಾಗಿ ಕರಗುತ್ತದೆ. ರಸಾಯನ ಪ್ರಯೋಗಾಲಯದಲ್ಲಿ ನೀರು ಮತ್ತು ಕಾರ್ಬನ್ ಟೆಟ್ರಾಕ್ಲೋರೈಡ್‌ಗಳ ನಡುವೆ ಅಯೋಡಿನ್ ಹಂಚಿಕೆಯಾಗುವ ಪ್ರಯೋಗವನ್ನು ನೀವು ಮಾಡಿರಬಹುದು ಅಥವಾ ಓದಿರಬಹುದು. ವಿತರಣಾ ಗುಣಾಂಕದ ಅದೇ ನಿಯಮ ಇಲ್ಲಿಯೂ ಅನ್ವಯಿಸುತ್ತದೆ. ಕರುಳಿನಲ್ಲಿ ಎಣ್ಣೆ ಇದ್ದರೆ ಥೈಮಾಲ್ ಅದರಲ್ಲಿ ಕರಗಿ, ಎಣ್ಣೆಯ ಜೊತೆಯಲ್ಲೇ ರಕ್ತಕ್ಕೆ ನುಸುಳುತ್ತದೆ.

ಈಗ ಅಂದಿನ ಚೀಟಿಯನ್ನು ಓದಿ ನೋಡಿ. ಹಿಂದಿನ ರಾತ್ರಿ ಲಘು ಆಹಾರ ಮತ್ತು ಭೇದಿಗೆ ಎಪ್ಸಮ್ ಲವಣ (ಮೆಗ್ನೀಸಿಯಂ ಸಲ್ಫೇಟ್). ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈಮಾಲ್ ಅರ್ಧ ಭಾಗ, ಎರಡು ಗಂಟೆಯ ನಂತರ ಉಳಿದರ್ಧ. ಮತ್ತೆ ಎರಡು ಗಂಟೆ ಕಳೆದು ಪುನಃ ಎಪ್ಸಮ್ ಲವಣ. ಎಣ್ಣೆ, ಬೆಣ್ಣೆ, ಹಾಲು, ಮದ್ಯ ಯಾವುದೂ ಕೂಡದು. ಭೇದಿಗೆ ಹರಳೆಣ್ಣೆಯಂತೂ ಕೂಡಲೇ ಕೂಡದು. ನನ್ನ ಬಾಲ್ಯದಲ್ಲಿ ಹುಳುವಿನ ಔಷಧ ಎಂದೊಡನೆ ಮನೆಯವರು ಕೈಯಿಡುತ್ತಿದ್ದದ್ದೇ ಹರಳೆಣ್ಣೆಯ ಸೀಸೆಗೆ. ಥೈಮಾಲ್ ಕಾಲದ ಮನೆಗಳಲ್ಲಿ ಆ ಅಭ್ಯಾಸ ಜೀವಕ್ಕೆ ಎರವಾಗಬಹುದಿತ್ತು. ಅಂದರೆ ಚೀಟಿಯಲ್ಲಿ ಔಷಧದ ಹೆಸರಿಗಿಂತ ಅದರ ಕೆಳಗಿನ ನಿಷೇಧಗಳೇ ಮುಖ್ಯವಾಗಿದ್ದವು. ಅವನ್ನು ವಿವರಿಸಿ ಹೇಳುವ, ರೋಗಿಯ ಮೈಬಲ ನೋಡಿ ಪ್ರಮಾಣ ಇಳಿಸುವ ವೈದ್ಯ ಬೇಕೇ ಬೇಕಿತ್ತು.

ಆದರೆ ರೋಗಿಗಳು ಲಕ್ಷಾಂತರ! ಅಮೆರಿಕದ ಸೇನಾ ವೈದ್ಯ ಬೈಲಿ ಆಶ್‌ಫರ್ಡ್ 1899ರಲ್ಲಿ ಪೋರ್ಟೊ ರಿಕೊ ದ್ವೀಪದ ಬಡವರ ರಕ್ತಹೀನತೆಗೆ ಕೊಕ್ಕೆಹುಳುವೇ ಕಾರಣವೆಂದು ಕಂಡುಹಿಡಿದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಇದೇ ಸ್ಥಿತಿ ಇತ್ತು. ಅಲ್ಲಿನ ಶಾಲಾ ವಯಸ್ಸಿನ ಮಕ್ಕಳಲ್ಲಿ ಶೇಕಡ 40ರಷ್ಟು ಮಂದಿಗೆ ಸೋಂಕಿತ್ತು. 1909ರಲ್ಲಿ ಹತ್ತು ಲಕ್ಷ ಡಾಲರ್ ನೆರವಿನಿಂದ ಹುಟ್ಟಿದ ರಾಕ್‌ಫೆಲರ್ ಸ್ಯಾನಿಟರಿ ಕಮಿಷನ್, ಸೂಕ್ಷ್ಮದರ್ಶಕಗಳನ್ನು ಹೊತ್ತು ಊರೂರಿಗೆ ಸಂಚಾರಿ ಔಷಧಾಲಯ ಕಳುಹಿಸಿತು. ಅಲ್ಲಿ ಜನ ತಮ್ಮ ಮಲದ ಡಬ್ಬಿ ತಂದು, ಪರೀಕ್ಷೆ ಮಾಡಿಸಿ, ಥೈಮಾಲ್ ಪೊಟ್ಟಣದೊಂದಿಗೆ ಮುದ್ರಿತ ಸೂಚನೆಯನ್ನು ಕೊಂಡೊಯ್ಯುತ್ತಿದ್ದರು. ಸೋಂಕು ಹೆಚ್ಚಿದ್ದ ಪ್ರದೇಶಗಳಲ್ಲಿ ಆ ಬಳಿಕ ಮಕ್ಕಳ ಶಾಲಾ ದಾಖಲಾತಿ, ಹಾಜರಾತಿ ಹೆಚ್ಚು ಏರಿದವೆಂದು ಹೋಯ್ಟ್ ಬ್ಲೀಕ್ಲಿ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಹಳೆಯ ದಾಖಲೆಗಳಿಂದ ತೋರಿಸಿದ್ದಾರೆ. ‘ಸೋಮಾರಿ’ಗಳೆಂದು ಬೈಸಿಕೊಂಡ ಎಷ್ಟೋ ಮಕ್ಕಳು ಬರಿಯ ರಕ್ತಹೀನರಾಗಿದ್ದರು.

ಥೈಮಾಲ್ ನಂತರ ಬಂದವೂ ಸಾಧುವಾಗಿರಲಿಲ್ಲ. 1921ರಲ್ಲಿ ಪಶುವೈದ್ಯ ವಿಜ್ಞಾನಿ ಮಾರಿಸ್ ಹಾಲ್ ಅವರು, ನಮ್ಮ ಅಯೋಡಿನ್ ಪ್ರಯೋಗದ ಅದೇ ಕಾರ್ಬನ್ ಟೆಟ್ರಾಕ್ಲೋರೈಡ್ ಅನ್ನು ನಾಯಿಗಳ ಮೇಲೆ ಪ್ರಯೋಗಿಸಿ, ನಂತರ ತಾವೇ ಕುಡಿದು ನೋಡಿದರು. ಹುಳು ಸತ್ತದ್ದು ನಿಜ. ಆದರೆ ಮದ್ಯ ಸೇರಿದರೆ ಯಕೃತ್ತಿಗೆ ಕುತ್ತು. 1925ರಲ್ಲಿ ಬಂದ ಟೆಟ್ರಾಕ್ಲೋರೋ ಎಥಿಲೀನ್ ತುಸು ಸುರಕ್ಷಿತ. ಎಲ್ಲದರ ಚೀಟಿಯಲ್ಲೂ ಕೊಬ್ಬು ಮತ್ತು ಮದ್ಯದ ನಿಷೇಧ ಹಾಗೆಯೇ ಮುಂದುವರಿಯಿತು. ವಿಷವನ್ನು ಕರುಳಿನಲ್ಲೇ ಕಟ್ಟಿಹಾಕುವುದಷ್ಟೇ ಆಗ ಗೊತ್ತಿದ್ದ ಉಪಾಯ.

1970ರ ದಶಕದಲ್ಲಿ ಜಾನುವಾರುಗಳಿಗಾಗಿ ರೂಪುಗೊಂಡು, 1980ರ ದಶಕದಲ್ಲಿ ಮನುಷ್ಯರ ಬಳಕೆಗೆ ಬಂದ ಆಲ್ಬೆಂಡಜೋಲ್ ಈ ಲೆಕ್ಕಾಚಾರವನ್ನೇ ಬದಲಿಸಿತು. ಜೀವಕೋಶದೊಳಗೆ ಟ್ಯುಬುಲಿನ್ ಎಂಬ ಪ್ರೋಟೀನಿನಿಂದ ಸೂಕ್ಷ್ಮ ನಾಳಗಳು ರಚನೆಯಾಗುತ್ತವೆ. ಹುಳುವಿನ ಟ್ಯುಬುಲಿನ್‌ಗೆ ಆಲ್ಬೆಂಡಜೋಲ್ ಅಂಟಿಕೊಳ್ಳುವಷ್ಟು ಬಲವಾಗಿ ನಮ್ಮ ಟ್ಯುಬುಲಿನ್‌ಗೆ ಅಂಟದು. ನಾಳ ರಚನೆ ನಿಂತು, ಗ್ಲೂಕೋಸ್ ಹೀರಲಾಗದೆ ಹುಳು ಸೊರಗಿ ಸಾಯುತ್ತದೆ. ಥೈಮಾಲ್‌ನಲ್ಲಿ ನಮ್ಮನ್ನು ಕಾಪಾಡುತ್ತಿದ್ದದ್ದು ದ್ರಾವ್ಯತೆ. ಇಲ್ಲಿ ಕಾಪಾಡುವುದು ಅಣುಗಳ ಆಕಾರ. ಬಿಸಿಯೂಟದ ಎಣ್ಣೆಯಿಂದ ಔಷಧ ಒಂದಿಷ್ಟು ಹೆಚ್ಚು ರಕ್ತಕ್ಕೆ ಸೇರಿದರೂ ಒಂದು ಮಾತ್ರೆಯಿಂದ ಅಪಾಯ ಅತಿ ವಿರಳ. ಒಂದು ಮಲಪರೀಕ್ಷೆಯ ವೆಚ್ಚ ಮಾತ್ರೆಯ ಬೆಲೆಗಿಂತ ಎಷ್ಟೋ ಹೆಚ್ಚು. ಈ ಕಾರಣಗಳಿಂದಲೇ 2001ರಲ್ಲಿ ವಿಶ್ವ ಆರೋಗ್ಯ ಸಭೆ ಶಾಲಾ ಮಕ್ಕಳಿಗೆ ಸಾಮೂಹಿಕವಾಗಿ ಔಷಧ ಕೊಡಲು ಕರೆಯಿತ್ತಿತು. ನಮ್ಮ ದೇಶದ ಜಂತುಹುಳು ನಿವಾರಣಾ ದಿನ 2015ರಲ್ಲಿ ಆರಂಭವಾಯಿತು. ಆ ತಂದೆಯ ಪ್ರಶ್ನೆಗೆ ಉತ್ತರ ಇದು. ಹಾಗೆಂದು ಈ ಕಾರ್ಯಕ್ರಮವೇ ಪ್ರಶ್ನಾತೀತವೆಂದು ಅವರಿಗೆ ಹೇಳಬೇಡಿ. ಸೋಂಕು ಕಡಿಮೆಯಿರುವ ಕಡೆಯೂ ಎಲ್ಲರಿಗೂ ಮಾತ್ರೆ ಕೊಟ್ಟರೆ ತೂಕ, ಕಲಿಕೆ ಎಷ್ಟು ಸುಧಾರಿಸುತ್ತವೆ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಕಾಕ್ರೇನ್ ಪರಾಮರ್ಶೆಗಳು ಪರಿಣಾಮ ಅತ್ಯಲ್ಪ ಎನ್ನುತ್ತವೆ. ಕಾಯಿಲೆಯಿಂದಿರುವ ಮಗುವಿಗೆ ಅಂದು ಮಾತ್ರೆ ಕೊಡಬಾರದೆಂಬ ಸೂಚನೆಯನ್ನೂ ಮರೆಯಬೇಡಿ. ಬರಿಗಾಲಿನ ಚರ್ಮದ ಮೂಲಕವೂ ಮರಿಹುಳು ಒಳಹೊಗುತ್ತದೆ. ಇದನ್ನು ಆರ್ಥರ್ ಲೂಸ್ ಎಂಬ ವಿಜ್ಞಾನಿ ಕೈರೋದಲ್ಲಿ 1890ರ ದಶಕದಲ್ಲಿ ತಮ್ಮ ಕೈಯ ಮೇಲೆಯೇ ಕಂಡುಕೊಂಡಿದ್ದರು. ಶೌಚಾಲಯ, ಚಪ್ಪಲಿ ಇಲ್ಲದಿದ್ದಲ್ಲಿ ಹುಳು ಮತ್ತೆ ಬರುತ್ತದೆ.

ಇದೇ ಮಾತ್ರೆಗೆ ಇಂದಿಗೂ ವೈದ್ಯರ ಚೀಟಿ ಬೇಕೇಬೇಕಾದ ಸಂದರ್ಭಗಳಿವೆ. ಲಾಡಿಹುಳುವಿನ ಮರಿಗಳು ಮಿದುಳಿನಲ್ಲಿ ಗಂಟು ಕಟ್ಟಿಕೊಂಡು ಮೂರ್ಛೆ ಬರುವ ರೋಗಿಗೆ ಆಲ್ಬೆಂಡಜೋಲ್ ಕೊಡುವುದು ವೈದ್ಯರ ನಿಗಾದಲ್ಲಿ, ದಿನಗಟ್ಟಲೆ. ಅಲ್ಲಿ ಔಷಧ ಕರುಳನ್ನು ದಾಟಿ ರಕ್ತಕ್ಕೆ, ಮಿದುಳಿಗೆ ತಲುಪಬೇಕು. ಜಿಡ್ಡಿನ ಊಟದೊಂದಿಗೆ ತೆಗೆದುಕೊಂಡರೆ ರಕ್ತದಲ್ಲಿ ಅದರ ಪ್ರಮಾಣ ಐದು ಪಟ್ಟಿನವರೆಗೂ ಏರುತ್ತದೆ. ಹಾಗಾಗಿ ಆ ಚೀಟಿಯಲ್ಲಿ ವೈದ್ಯರು, ಕೊಬ್ಬಿರುವ ಊಟದ ಜೊತೆಗೇ ತೆಗೆದುಕೊಳ್ಳಿ ಎಂದು ಬರೆಯುತ್ತಾರೆ.