ಬೀಡಿ ಮಣ್ಣಾಗುತ್ತದೆ, ಫಿಲ್ಟರ್ ಉಳಿಯುತ್ತದೆ

ಬಸ್ಸು ಬಂತೆಂದು ಕೈಲಿದ್ದ ಸಿಗರೇಟನ್ನು ನೆಲಕ್ಕೆಸೆದು, ಚಪ್ಪಲಿಯಿಂದ ಹೊಸಕಿ ಓಡುವವರನ್ನು ದಿನವೂ ಕಾಣುತ್ತೇವೆ. ಸಿಗರೇಟೆಂದರೆ ಬರೀ ಕಾಗದ, ಹೊಗೆಸೊಪ್ಪು. ಒಂದು ಮಳೆ ಬಿದ್ದರೆ ಮಣ್ಣಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಬೀಡಿಯ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ. ದಕ್ಷಿಣ ಕನ್ನಡದ ಹೆಂಗಸರು ಮನೆಯಲ್ಲೇ ಕುಳಿತು ಕಟ್ಟುವ ಬೀಡಿಯಲ್ಲಿರುವುದು ಎಲೆ, ಹೊಗೆಸೊಪ್ಪು ಮತ್ತು ಒಂದೆಳೆ ನೂಲು. ಆದರೆ ಸಿಗರೇಟಿನ ಫಿಲ್ಟರ್ ಹತ್ತಿಯಂತೆ ಕಂಡರೂ ಹತ್ತಿಯಲ್ಲ. ಅದು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಸಾವಿರಾರು ಎಳೆಗಳ ಕಟ್ಟು.

ಈ ಪ್ಲಾಸ್ಟಿಕ್ ಸಿಗರೇಟಿನ ತುದಿಗೆ ಬಂದದ್ದು ಹೇಗೆ? 1925ರಲ್ಲಿ ಹಂಗೆರಿಯ ಬೋರಿಸ್ ಐವಾಜ್ ಸುಕ್ಕುಗಟ್ಟಿದ ಕಾಗದದ ಫಿಲ್ಟರಿಗೆ ಪೇಟೆಂಟ್ ಪಡೆದ. ಆಗ ಅದನ್ನು ಕೇಳಿದವರು ಕಡಿಮೆ. ಕಾಲು ಶತಮಾನದ ನಂತರ ಸ್ಥಿತಿ ಬದಲಾಯಿತು. 1950ರಲ್ಲಿ ಅಮೆರಿಕದ ವಿಂಡರ್ ಮತ್ತು ಗ್ರಹಾಂ, ಬ್ರಿಟನ್ನಿನ ಡಾಲ್ ಮತ್ತು ಹಿಲ್ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. 1952ರಲ್ಲಿ 'ರೀಡರ್ಸ್ ಡೈಜೆಸ್ಟ್' ಪತ್ರಿಕೆ ಈ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿತು.

ಬೆದರಿದ ಗಿರಾಕಿಗಳಿಗೆ ಕಂಪೆನಿಗಳು ಕೊಟ್ಟ ಉತ್ತರವೇ ಫಿಲ್ಟರ್. ಅದೇ ವರ್ಷ ಮಾರುಕಟ್ಟೆಗೆ ಬಂದ 'ಕೆಂಟ್' ಸಿಗರೇಟಿನ ಫಿಲ್ಟರಿನಲ್ಲಿ 1956ರವರೆಗೆ ಕಲ್ನಾರು ಇತ್ತು. ಕಲ್ನಾರು ತಾನೇ ಕ್ಯಾನ್ಸರ್‌ಕಾರಕ! ಮುಂದೆ ಸೆಲ್ಯುಲೋಸ್ ಅಸಿಟೇಟ್ ಎಲ್ಲೆಡೆ ನೆಲೆಯೂರಿತು. 1960ರ ಹೊತ್ತಿಗೆ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಸಿಗರೇಟುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಫಿಲ್ಟರ್ ಇತ್ತು. ಇದರಿಂದ ಸೇದುವವರ ಅಪಾಯವೇನೂ ತಗ್ಗಲಿಲ್ಲ. ನಿಕೋಟಿನ್ ಸಾಲದೆ ಅವರು ಇನ್ನಷ್ಟು ಆಳವಾಗಿ ಹೊಗೆ ಎಳೆದರು.

ಉಳಿದದ್ದು ಕಸ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ನಾಲ್ಕೂವರೆ ಲಕ್ಷ ಕೋಟಿ ಸಿಗರೇಟು ತುಂಡುಗಳು ಬೀದಿಗೆ ಬೀಳುತ್ತವೆ. ಚರಂಡಿಗೆ ಬಿದ್ದ ತುಂಡು ಮಳೆನೀರಿನೊಡನೆ ರಾಜಕಾಲುವೆ ಸೇರಿ ಕೆರೆಗೆ ಇಳಿಯುತ್ತದೆ. ಹೀರಿಕೊಂಡಿದ್ದ ನಿಕೋಟಿನ್, ಸೀಸ, ಆರ್ಸೆನಿಕ್‌ಗಳನ್ನು ಅಲ್ಲಿ ನೀರಿಗೆ ಬಿಡುತ್ತದೆ. ಅಮೆರಿಕದ ಸ್ಯಾನ್ ಡಿಯೇಗೊದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಲೀಟರ್ ನೀರಿಗೆ ಸೇದಿ ಬಿಟ್ಟ ಒಂದೇ ತುಂಡಿನ ವಿಷ ಅರ್ಧದಷ್ಟು ಮೀನುಗಳನ್ನು ನಾಲ್ಕು ದಿನದಲ್ಲಿ ಕೊಲ್ಲಲು ಸಾಕಾಯಿತು. ಬಿಸಿಲಿಗೆ ಫಿಲ್ಟರ್ ಚೂರಾಗುತ್ತದೆಯೇ ಹೊರತು ಬೇಗ ಕರಗಿಹೋಗುವುದಿಲ್ಲ.

ನಮ್ಮ ಕಾನೂನಿನ ವಿಚಿತ್ರವನ್ನೂ ಗಮನಿಸಬೇಕು. 2008ರ ಅಕ್ಟೋಬರ್ 2ರಿಂದ ದೇಶದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧ. 2022ರ ಜುಲೈ 1ರಂದು ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಸಿಗರೇಟು ಪ್ಯಾಕಿಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯಿದೆ. ಪ್ಯಾಕಿನೊಳಗಿನ ಪ್ಲಾಸ್ಟಿಕ್ ಫಿಲ್ಟರ್ ಮಾತ್ರ ಇಲ್ಲ.

ಹೊರಗಿನ ಹೊದಿಕೆ ಕಾನೂನಿನ ಕಣ್ಣಿಗೆ ಬಿತ್ತು, ಒಳಗಿನದು ತಪ್ಪಿಸಿಕೊಂಡಿತು. ಸೇದುವವನನ್ನೂ ಕಾಪಾಡದ, ಕೆರೆಯ ಮೀನನ್ನೂ ಬದುಕಗೊಡದ ಈ ಫಿಲ್ಟರ್ ಯಾರ ಉಪಯೋಗಕ್ಕಾಗಿ ಇದೆ ಎಂಬ ಪ್ರಶ್ನೆಯನ್ನು ಇನ್ನಾದರೂ ಕೇಳಬೇಕಾಗಿದೆ.